ಬೂದಿ, ಮಣ್ಣು, ಕಲ್ಲು: ಮೂರು ಊರಿನ ಗೋಡೆಗಳು

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದರೆ ಸಾಕು, ಬಳ್ಳಾರಿಯ ಓಣಿಗಳಲ್ಲಿ ಡ್ರಿಲ್ ಮಿಷನ್ನಿನ ಸದ್ದು ಹೆಚ್ಚುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಇಲ್ಲಿಯವರಿಗೆ ಹೊಸದಲ್ಲ. ಆ ದಿನಗಳು ಬರುವ ಮುಂಚೆಯೇ ಮನೆಯನ್ನು ಸಜ್ಜು ಮಾಡಿಕೊಳ್ಳಬೇಕು. ಗೋಡೆಗೆ ಇನ್ನೊಂದು ಫ್ಯಾನು, ಕಿಟಕಿಯಾಚೆ ಕೂಲರ್ ಕೂರಿಸಲು ಕಬ್ಬಿಣದ ಸ್ಟ್ಯಾಂಡು, ಪಡುವಣದ ಬಿಸಿಲಿಗೆ ದಪ್ಪ ಪರದೆ, ಅನುಕೂಲವಿದ್ದವರಿಗೆ ಎ.ಸಿ. ಎಲ್ಲಕ್ಕೂ ಗೋಡೆಗೆ ತೂತು ಬೀಳಬೇಕು. ಸತ್ಯನಾರಾಯಣಪೇಟೆಯಲ್ಲಿ ಒಂದು ಸದ್ದು ನಿಂತರೆ ಗಾಂಧಿನಗರದಲ್ಲಿ ಇನ್ನೊಂದು ಎದ್ದಿರುತ್ತದೆ. ಕೌಲ್ ಬಜಾರಿನ ಇಕ್ಕಟ್ಟಿನ ಸಂದಿಗಳಲ್ಲಂತೂ ಒಂದು ಮನೆಯ ಗೋಡೆ ಕೊರೆದರೆ ಪಕ್ಕದ ಮನೆಯ ಸ್ಟ್ಯಾಂಡಿನಲ್ಲಿ ತಟ್ಟೆಗಳು ಅದುರುತ್ತವೆ.

ಹಾರ್ಡ್‌ವೇರ್ ಅಂಗಡಿಯ ಕೌಂಟರಿನ ಮೇಲೆ ಆಗ ಬಿಟ್‌ಗಳದ್ದೇ ವ್ಯಾಪಾರ. ಆರು ಎಂ.ಎಂ., ಎಂಟು ಎಂ.ಎಂ., ಹತ್ತು. ಪಕ್ಕದ ಡಬ್ಬಿಗಳಲ್ಲಿ ರಾವಲ್ ಪ್ಲಗ್ಗು, ಸ್ಕ್ರೂ, ಕೊಕ್ಕೆ, ಕ್ಲಾಂಪು. ಕೆಲವರು ಅಳತೆ ಹೇಳಿ ಕೇಳುತ್ತಾರೆ. ಹಲವರು ಮನೆಯಲ್ಲಿ ಸಡಿಲಾದ ಹಳೆಯ ಸ್ಕ್ರೂವನ್ನೇ ಕಾಗದದಲ್ಲಿ ಸುತ್ತಿಕೊಂಡು ಬಂದು ಕೌಂಟರಿನ ಮೇಲೆ ಬಿಚ್ಚಿಡುತ್ತಾರೆ. ಅನುಭವಸ್ಥ ಅಂಗಡಿಯವರು ಕೂಡಲೇ ಪ್ಲಗ್ಗು ಎಣಿಸಿ ಕೊಡುವುದಿಲ್ಲ, ಮೊದಲು ಒಂದು ಪ್ರಶ್ನೆ ಕೇಳುತ್ತಾರೆ: "ಗೋಡಿ ಯಾವುದ್ರಿ, ಇಟ್ಟಂಗಿದಾ, ಬ್ಲಾಕಿಂದಾ, ಕಲ್ಲಿಂದಾ?"

ಗೋಡೆಗೆ ಸಂಬಂಧಿಸಿದ ಎಲ್ಲ ಕೆಲಸವೂ ಈ ಪ್ರಶ್ನೆಯಿಂದಲೇ ಶುರುವಾಗಬೇಕು. ಸುಣ್ಣವೋ ಬಣ್ಣವೋ ಬಳಿದ ಮೇಲೆ ಗೋಡೆಗಳೆಲ್ಲ ಒಂದೇ ಥರ ಕಾಣುತ್ತವೆ, ಒಳಗೆ ಇರುವುದು ಮಾತ್ರ ಬೇರೆ ಬೇರೆ. ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡು ಒಂದೇ ಜಿಲ್ಲೆಯ ಮೂರು ಊರುಗಳು. ಬೆಳಗ್ಗೆ ಹೊರಟರೆ ಸಂಜೆಯೊಳಗೆ ಮೂರನ್ನೂ ಸುತ್ತಿ ಬರಬಹುದು. ಆದರೂ ಒಂದೇ ಮಿಷನ್ನು, ಒಂದೇ ಬಿಟ್ಟು ಹಿಡಿದು ಹೋದವನಿಗೆ ಈ ಮೂರೂ ಊರಿನ ಗೋಡೆಗಳು ಒಂದೇ ರೀತಿ ಒಲಿಯುವುದಿಲ್ಲ. ಊರು ಯಾವ ನೆಲದ ಮೇಲೆ ಕೂತಿದೆಯೋ, ಅದರ ಅಕ್ಕಪಕ್ಕ ಏನು ಸಿಗುತ್ತದೆಯೋ ಅದೇ ಗೋಡೆಯಾಗಿ ಎದ್ದಿರುತ್ತದೆ.

ನಗರದ ಹೊಸ ಬಡಾವಣೆಯ ಒಂದು ಮನೆ. ಮೊದಲ ಮಹಡಿಯಲ್ಲಿ ಬಾಡಿಗೆಗೆ ಇರುವ ಸಂಸಾರ. ಅಡುಗೆಮನೆಯಲ್ಲಿ ನೀರಿನ ಫಿಲ್ಟರ್ ತೂಗುಹಾಕಬೇಕು. ಎಲೆಕ್ಟ್ರಿಷಿಯನ್ ಏಣಿ ಒರಗಿಸಿ, ಚೀಲ ಕೆಳಗಿಟ್ಟು, ಮೊದಲು ಬೆರಳ ಗೆಣ್ಣಿನಿಂದ ಗೋಡೆಯನ್ನು ಅಲ್ಲಲ್ಲಿ ತಟ್ಟುತ್ತಾನೆ. ಒಂದು ಕಡೆ ಗಟ್ಟಿ ಸದ್ದು, ಗೇಣುದ್ದ ಆಚೆ ತಟ್ಟಿದರೆ ಪೊಳ್ಳು ಸದ್ದು.

"ಅಕ್ಕಾ, ಈ ನಲ್ಲಿ ಪೈಪು ಮ್ಯಾಲಿಂದ ಇಳದೈತೋ, ಪಕ್ಕದಿಂದ ಬಂದೈತೋ?"

"ನಾವು ಬಾಡಿಗಿ ಇರೋರಪ್ಪ, ಗೊತ್ತಿಲ್ಲ. ಓನರ್‌ಗೆ ಫೋನ್ ಮಾಡ್ಲೇನು?"

"ಮಾಡ್ರಿ. ಕೇಳಿನೇ ಹಾಕೋಣು."

ಓನರ್ ಫೋನಿಗೆ ಸಿಗುವವರೆಗೆ ಅವನು ಸುಮ್ಮನೆ ನಿಲ್ಲುವುದಿಲ್ಲ. ಸ್ವಿಚ್ ಬೋರ್ಡಿನಿಂದ ನೇರ ಮೇಲಕ್ಕೆ ಕಣ್ಣಿನಲ್ಲೇ ಗೆರೆ ಎಳೆಯುತ್ತಾನೆ. ವೈರಿನ ಪೈಪು ಸಾಮಾನ್ಯವಾಗಿ ಬೋರ್ಡಿನಿಂದ ಚಾವಣಿಗೆ ನೆಟ್ಟಗೆ ಏರುತ್ತದೆ. ಆ ಗೆರೆಯ ಆಚೀಚೆ ಗೇಣಿನಷ್ಟು ಜಾಗದಲ್ಲಿ ಬಿಟ್ಟು ಇಡಬಾರದು. ನಲ್ಲಿಯ ಮೇಲೆ, ಕೆಳಗೆ, ಅಕ್ಕಪಕ್ಕದಲ್ಲೂ ಅದೇ ನಿಯಮ. ನೀರಿನ ಪೈಪಿಗೆ ತಗುಲಿದರೆ ಮನೆ ತೋಯುತ್ತದೆ; 230 ವೋಲ್ಟಿನ ವೈರಿಗೆ ತಗುಲಿದರೆ ಪ್ರಾಣಕ್ಕೇ ಕುತ್ತು. ಹೀಗಾಗಿ ಜಾಗ ಅನುಮಾನದ್ದಾದರೆ ಆ ಗೋಡೆಯ ಲೈನ್ ಬಂದ್ ಮಾಡಿ, ಬೇರೆ ಕೋಣೆಯಿಂದ ಕರೆಂಟು ಎಳೆದುಕೊಂಡು ಕೆಲಸ ಮಾಡುತ್ತಾರೆ ತಿಳಿದವರು.

ಜಾಗ ಗೊತ್ತಾಯಿತು. ಫಿಲ್ಟರ್ ಎಷ್ಟು ಎತ್ತರಕ್ಕೆ ಬರಬೇಕು ಎಂಬುದನ್ನು ಅವನು ತಾನೇ ತೀರ್ಮಾನಿಸುವುದಿಲ್ಲ. "ಅಕ್ಕಾ, ನೀವು ಬಂದು ಕೈ ಎತ್ತಿ ತೋರಸ್ರಿ" ಎನ್ನುತ್ತಾನೆ. ದಿನಾ ನೀರು ಹಿಡಿಯುವವರು ಅವರು. ಅವರ ಕೈ ಮುಟ್ಟಿದಲ್ಲಿ ಪೆನ್ಸಿಲ್ಲಿನಿಂದ ಗುರುತು ಬೀಳುತ್ತದೆ. ಗುರುತಿನ ಕೆಳಗೆ ಮಡಿಸಿದ ಹಳೆಯ ಪೇಪರನ್ನು ಟೇಪಿನಿಂದ ಅಂಟಿಸುತ್ತಾನೆ. ಉದುರುವ ಪುಡಿ ಒಲೆಕಟ್ಟೆಯ ಮೇಲೆ ಬೀಳದೆ ಪೇಪರಿನ ಮಡಿಕೆಯಲ್ಲಿ ಕೂಡಬೇಕು. ಬಿಟ್ಟಿಗೂ ಒಂದು ತುಂಡು ಟೇಪು ಸುತ್ತುತ್ತಾನೆ, ತುದಿಯಿಂದ ಎರಡು ಇಂಚಿಗೆ. ಪ್ಲಗ್ಗಿನ ಉದ್ದ ಒಂದೂವರೆ ಇಂಚು, ಗಿಲಾವಿನ ದಪ್ಪ ಅರ್ಧ ಇಂಚು. ಗಿಲಾವು ಭಾರ ಹೊರುವುದಿಲ್ಲ. ಪ್ಲಗ್ಗು ಅದನ್ನು ದಾಟಿ ಹಿಂದಿನ ಗೋಡೆಯೊಳಗೆ ಕೂತರೆ ಮಾತ್ರ ಹಿಡಿತ.

ಮೊದಲು ಮೊಳೆಯ ತುದಿಯಿಂದ ಸಣ್ಣ ಗುಳಿ, ಬಿಟ್ಟು ಜಾರದ ಹಾಗೆ. ಆಮೇಲೆ ಮಿಷನ್ನು ನಿಧಾನಕ್ಕೆ ತಿರುಗುತ್ತದೆ. ಮೊದಲು ಬರುವುದು ಬಿಳಿ ಪುಡಿ, ಅದು ಪುಟ್ಟಿ. ಅದರ ಹಿಂದೆ ಬೂದು ಬಣ್ಣದ ಒರಟು ಪುಡಿ, ಅದು ಗಿಲಾವು. ಕೈಗೆ ಸಣ್ಣದೊಂದು ತಡೆ ಸಿಗುತ್ತದೆ. ಅಲ್ಲಿಂದ ಮುಂದೆ ಬರುವ ಪುಡಿಯ ಬಣ್ಣವೇ ಗೋಡೆಯ ಹೆಸರು ಹೇಳುತ್ತದೆ. ಕೆಂಪಾದರೆ ಸುಟ್ಟ ಇಟ್ಟಿಗೆ. ಬೂದಿಬಣ್ಣದ ನುಣುಪು ಪುಡಿಯಾದರೆ ಹಾರುಬೂದಿಯ ಇಟ್ಟಿಗೆ. ಬೂದುಬಣ್ಣದ ಪುಡಿ ಅತ್ಯಲ್ಪವಾಗಿ ಬಂದು ಬಿಟ್ಟು ಮುಂದೆ ಸಾಗದೆ ಕಿರುಗುಟ್ಟಿದರೆ ಕಾಂಕ್ರೀಟಿನ ಕಂಬವೋ ತೊಲೆಯೋ ಅಡ್ಡ ಬಂದಿದೆ ಎಂದೇ ಅರ್ಥ. ಬಿಟ್ಟು ತಟ್ಟನೆ ಒಳಕ್ಕೆ ಜಗ್ಗಿದರೆ ಅದು ಪೊಳ್ಳು ಸಿಮೆಂಟ್ ಬ್ಲಾಕು.

ಈ ಮನೆಯಲ್ಲಿ ಬಂದದ್ದು ಬೂದಿ. ಬಳ್ಳಾರಿಯಿಂದ ತೋರಣಗಲ್ಲಿನ ಕಡೆಗೆ ಹೋಗುವ ಹಾದಿಯಲ್ಲಿ ಕುಡಿತಿನಿ. ಅಲ್ಲಿನ ಶಾಖೋತ್ಪನ್ನ ವಿದ್ಯುತ್ ಸ್ಥಾವರದಲ್ಲಿ 500 ಮೆಗಾವಾಟಿನ ಎರಡು, 700 ಮೆಗಾವಾಟಿನ ಒಂದು ಘಟಕಗಳಿವೆ. ಕಲ್ಲಿದ್ದಲು ಉರಿದು ಉಳಿಯುವ ಬೂದಿ ಅಪಾರ. ಆ ನುಣುಪು ಹಾರುಬೂದಿಗೆ ಕಲ್ಲಿನ ಪುಡಿ, ಸಿಮೆಂಟು ಕಲಸಿ, ಅಚ್ಚಿನಲ್ಲಿ ಒತ್ತಿ, ನೀರುಣಿಸಿ ಗಟ್ಟಿ ಮಾಡಿದರೆ ಇಟ್ಟಿಗೆ. ಅದಕ್ಕೆ ಭಟ್ಟಿಯ ಬೆಂಕಿ ಬೇಡ. ಅಂಚು ಚೂಪು, ಅಳತೆ ಒಂದೇ ಸಮ, ಗಿಲಾವು ಕಡಿಮೆ ಸಾಕು. ಕೊರೆಯುವವನಿಗೂ ಇದು ಒಳ್ಳೆಯ ಗೋಡೆ, ಸುತ್ತಿಗೆಯ ಪೆಟ್ಟನ್ನು ಮಿತಿಯಲ್ಲಿಟ್ಟರೆ. ಇನ್ನೂ ಹಗುರಾದ ಗಾಳಿಗುಳ್ಳೆಯ ಬ್ಲಾಕುಗಳೂ ಈಗ ಬಂದಿವೆ. ಅವನ್ನು ಪೆಟ್ಟಿಲ್ಲದೆ ಬರೀ ತಿರುಗಿಸಿ ಕೊರೆಯಬೇಕು, ಪ್ಲಗ್ಗೂ ಅದಕ್ಕೆಂದೇ ಮಾಡಿದ ಉದ್ದನೆಯದಿರಬೇಕು. ಇಲ್ಲದಿದ್ದರೆ ತೂತು ಅಗಲವಾಗಿ ಪ್ಲಗ್ಗು ಒಳಗೇ ಗಿರಗಿರ ತಿರುಗುತ್ತದೆ. ಹೀಗೆ ಜಿಲ್ಲೆಗೆ ಬೆಳಕು ಕೊಟ್ಟ ಬೆಂಕಿಯ ಬೂದಿಯೇ ಜಿಲ್ಲೆಯ ಗೋಡೆಯೂ ಆಗಿದೆ.

ತೂತಿನಿಂದ ಬಿಟ್ಟು ಹೊರಬಂತು. ರಬ್ಬರ್ ಉಂಡೆಯನ್ನು ಅದುಮಿ ಒಳಗಿನ ಪುಡಿಯನ್ನು ಊದಿ ತೆಗೆಯುತ್ತಾನೆ. ಪುಡಿ ಉಳಿದರೆ ಪ್ಲಗ್ಗು ಪೂರ್ತಿ ಕೂರುವುದಿಲ್ಲ. ಪ್ಲಗ್ಗನ್ನು ಬೆರಳಿನಿಂದ ಒತ್ತಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಗಿಲಾವು ದಾಟುವಷ್ಟು ಒಳಕ್ಕೆ ಕೂರಿಸುತ್ತಾನೆ. ಸ್ಕ್ರೂವಿನ ಕೊನೆಯ ಎರಡು ಸುತ್ತುಗಳನ್ನು ಮಿಷನ್ನಿಗೆ ಬಿಡದೆ ಕೈಯಿಂದಲೇ ತಿರುಗಿಸುತ್ತಾನೆ. ಆ ಎರಡು ಸುತ್ತಿನಲ್ಲಿ ಮಣಿಕಟ್ಟಿಗೆ ಬಿಗಿ ಸಿಕ್ಕರೆ ಫಿಲ್ಟರ್ ವರ್ಷಗಟ್ಟಲೆ ನಿಲ್ಲುತ್ತದೆ. ಸಿಗದಿದ್ದರೆ ಬಿಚ್ಚಿ, ದೊಡ್ಡ ಪ್ಲಗ್ಗು ಹಾಕಿ, ಮತ್ತೆ ತಿರುಗಿಸುತ್ತಾನೆ. ಪೇಪರಿನ ಮಡಿಕೆಯಲ್ಲಿ ಕೂಡಿದ ಪುಡಿಯನ್ನು ಹಾಗೇ ಮುದುಡಿ ಕಸದ ಬುಟ್ಟಿಗೆ ಹಾಕಿದಾಗ ಕೆಲಸ ಮುಗಿಯುತ್ತದೆ.

ಇಷ್ಟು ಸಣ್ಣ ಕೆಲಸದ ಹಿಂದೆ ದೊಡ್ಡ ನಡಿಗೆಯಿದೆ. ಕೈಯಲ್ಲಿ ಹಿಡಿದು ಕೊರೆಯುವ ವಿದ್ಯುತ್ ಡ್ರಿಲ್ಲನ್ನು ಜರ್ಮನಿಯ ಸ್ಟುಟ್‌ಗಾರ್ಟಿನ ಫೈನ್ ಕಂಪನಿ 1895ರಲ್ಲಿ ಮಾಡಿತು. ಪಿಸ್ತೂಲಿನ ಹಿಡಿ, ಬೆರಳಿಗೆ ಸಿಗುವ ಗುಂಡಿ ಇರುವ ಮಾದರಿಗೆ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ 1917ರಲ್ಲಿ ಪೇಟೆಂಟ್ ಪಡೆಯಿತು. ಆದರೆ ತೂತು ಹಾಕುವುದಕ್ಕಿಂತ ತೂತಿನಲ್ಲಿ ಸ್ಕ್ರೂ ನಿಲ್ಲಿಸುವುದೇ ಕಷ್ಟವಾಗಿತ್ತು. ಮೊದಲೆಲ್ಲ ಉಳಿಯಿಂದ ಗೋಡೆಯನ್ನು ಅಗಲವಾಗಿ ಕೆತ್ತಿ, ಮರದ ಬೆಣೆ ಬಡಿದು, ಅದಕ್ಕೆ ಸ್ಕ್ರೂ ಹಾಕಬೇಕಿತ್ತು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಗೋಡೆ ಕೆಡದಂತೆ ವಿದ್ಯುತ್ ಉಪಕರಣ ಕೂರಿಸುವ ಕೆಲಸ ವಹಿಸಿಕೊಂಡ ಜಾನ್ ಜೋಸೆಫ್ ರಾಲಿಂಗ್ಸ್, 1911ರ ಸುಮಾರಿಗೆ ಸೆಣಬಿನ ನಾರನ್ನು ಅಂಟಿನಲ್ಲಿ ಗಟ್ಟಿ ಮಾಡಿದ ಸಣ್ಣ ಕೊಳವೆಯನ್ನು ಕಂಡುಹಿಡಿದರು. ಸ್ಕ್ರೂ ಒಳಹೋದಂತೆ ನಾರು ಹಿಗ್ಗಿ ಗೋಡೆಯನ್ನು ಒತ್ತುತ್ತಿತ್ತು. 1958ರಲ್ಲಿ ಜರ್ಮನಿಯ ಆರ್ಟೂರ್ ಫಿಶರ್ ಅದನ್ನು ನೈಲಾನಿನಲ್ಲಿ ಮಾಡಿದರು. ಇಂದು ಬಳ್ಳಾರಿಯ ಅಂಗಡಿಯಲ್ಲಿ ಹಿಡಿಗಟ್ಟಲೆ ಎಣಿಸಿ ಕೊಡುವ ಪ್ಲಾಸ್ಟಿಕ್ ತುಂಡಿನ ಪೂರ್ವಜರು ಇವರೇ. ಗೋಡೆಯನ್ನು ಕೆಡಿಸದೆ ಅದರ ಸಹಾಯ ಪಡೆಯಬೇಕೆಂಬ ಕಾಳಜಿಯಿಂದ ಹುಟ್ಟಿದ ವಸ್ತು ಅದು.

ಸಿರುಗುಪ್ಪದ ಕಡೆ ಹೊರಟರೆ ನೆಲ ಬೇರೆಯಾಗುತ್ತದೆ. ಎರೆಭೂಮಿ, ತುಂಗಭದ್ರಾ ಕಾಲುವೆಯ ನೀರು, ಕಣ್ಣು ಹಾಯುವವರೆಗೂ ಭತ್ತ. ಹಗರಿ ನದಿ ಬಳ್ಳಾರಿ ಸೀಮೆಯನ್ನು ದಾಟಿ ಬಂದು ತುಂಗಭದ್ರೆಯನ್ನು ಸೇರುವುದು ಈ ತಾಲ್ಲೂಕಿನಲ್ಲೇ. ರೈಸ್‌ಮಿಲ್ಲುಗಳ ಹಿಂದೆ ಹೊಟ್ಟಿನ ಗುಡ್ಡೆಗಳು. ಇಟ್ಟಂಗಿ ಸುಡಲು ಭತ್ತದ ಹೊಟ್ಟು ಒಳ್ಳೆಯ ಉರುವಲು. ಅದು ಜ್ವಾಲೆಯೆಬ್ಬಿಸಿ ಉರಿಯದೆ ಒಳಗೊಳಗೇ ಕಾಯುತ್ತ, ದಿನಗಟ್ಟಲೆ ಭಟ್ಟಿಯನ್ನು ಬಿಸಿಯಾಗಿಡುತ್ತದೆ. ಬರೀ ಎರೆಮಣ್ಣಿನಿಂದ ಇಟ್ಟಂಗಿ ಮಾಡಲಾಗದು, ಒಣಗುವಾಗಲೇ ಬಿರಿಯುತ್ತದೆ. ನದಿ ತಂದ ಮೆಕ್ಕಲು, ಕೆರೆಯಂಗಳದ ಹೂಳು, ಜೊತೆಗೆ ಉಸುಕು ಬೆರೆತಾಗಲೇ ಅಚ್ಚಿನಲ್ಲಿ ನಿಲ್ಲುವ ಹದ ಬರುತ್ತದೆ.

ಭಟ್ಟಿಯ ನಡುವೆ ಬೆಂದ ಇಟ್ಟಂಗಿ ಕಡುಗೆಂಪು; ಎರಡನ್ನು ತಟ್ಟಿದರೆ ಕಂಚಿನ ಸದ್ದು. ಅಂಚಿನಲ್ಲಿದ್ದದ್ದು ಅರೆಬೆಂದು ಮಾಸಲಾಗಿರುತ್ತದೆ. ಗೋಡೆಯಲ್ಲಿ ಎರಡೂ ಅಕ್ಕಪಕ್ಕ ಕೂತಿರುವುದುಂಟು. ಹೀಗಾಗಿ ಸಿರುಗುಪ್ಪದ ಹಳೆಯ ಮನೆಯೊಂದರಲ್ಲಿ ಒಂದೇ ಶೆಲ್ಫಿಗೆ ಹಾಕಿದ ಮೂರು ತೂತುಗಳೂ ಬೇರೆ ಬೇರೆ. ಒಂದರಿಂದ ನುಣ್ಣನೆಯ ಕೆಂಪು ಪುಡಿ ಕುಂಕುಮದ ಹಾಗೆ ಇಳಿಯುತ್ತದೆ. ಇನ್ನೊಂದರಲ್ಲಿ ಬಿಟ್ಟು ತಡೆದು ತಡೆದು ಸಾಗುತ್ತದೆ. ಮೂರನೆಯದರಲ್ಲಿ ಕಂದು ಮಣ್ಣು ಬಂದು, ಬಿಟ್ಟು ಹಗುರಾಗಿ ಒಳನುಗ್ಗುತ್ತದೆ. ಅದು ಇಟ್ಟಂಗಿಯಲ್ಲ, ಎರಡು ಇಟ್ಟಂಗಿಗಳ ನಡುವಿನ ಸಂದು. ಹಿಂದಿನ ಮನೆಗಳಲ್ಲಿ ಇಟ್ಟಂಗಿ ಕೂಡಿಸಿದ್ದು ಮಣ್ಣಿನ ಗಾರೆಯಲ್ಲೋ ಸುಣ್ಣದ ಗಚ್ಚಿನಲ್ಲೋ. ಮಣ್ಣಿನ ಸಂದಿನಲ್ಲಿ ಪ್ಲಗ್ಗು ನಿಲ್ಲುವುದೇ ಇಲ್ಲ. ತಿಳಿದವನು ಒಂದಿಂಚು ಮೇಲಕ್ಕೋ ಕೆಳಕ್ಕೋ ಸರಿದು ಇಟ್ಟಂಗಿಯ ನಡುಭಾಗ ಹುಡುಕುತ್ತಾನೆ. ಅಂಚಿಗೆ ಹಾಕಿದರೆ ಮೂಲೆ ಸಿಡಿಯುತ್ತದೆ.

ಇಲ್ಲಿ ಇನ್ನೊಂದು ಎಚ್ಚರವೂ ಬೇಕು. ಎರೆಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ತೂರುವಷ್ಟು ಬಿರಿಯುತ್ತದೆ. ಆಳವಾದ ಪಾಯವಿಲ್ಲದ ಮನೆಯ ಗೋಡೆ ಈ ಏರಿಳಿತಕ್ಕೆ ಓರೆಯಾಗಿ ಸೀಳುತ್ತದೆ; ಕಿಟಕಿಯ ಮೂಲೆಯಿಂದ ಹೊರಟು ಮೇಲಕ್ಕೆ ಹರಿಯುವ ಸೀಳು ಈ ಭಾಗದ ಎಷ್ಟೋ ಮನೆಗಳಲ್ಲಿ ಕಾಣುತ್ತದೆ. ಅಂಥ ಸೀಳಿನ ಹತ್ತಿರ ಮಿಷನ್ನಿನ ಅದುರು ತಾಗಬಾರದು. ಅನುಭವಿ ಗೌಂಡಿಗಳು ಮಾಲೀಕರಿಗೆ ಇದನ್ನು ನೇರವಾಗಿಯೇ ಹೇಳುತ್ತಾರೆ: "ಈ ಗೋಡಿಗೆ ಟೀವಿ ಬ್ಯಾಡ್ರಿ ಅಣ್ಣಾರ, ಆ ಗೋಡಿಗೆ ಹಾಕೋಣು. ಇದಕ್ಕ ಮೊದಲು ರಿಪೇರಿ ಆಗ್ಬೇಕು." ಕೂಲಿ ಕೈತಪ್ಪಿದರೂ ಹೀಗೆ ಹೇಳುವವರನ್ನು ಊರು ನೆನಪಿಟ್ಟುಕೊಳ್ಳುತ್ತದೆ, ಮುಂದಿನ ಕೆಲಸಕ್ಕೆ ಅವರನ್ನೇ ಕರೆಯುತ್ತದೆ.

ಮನೆ ಕಟ್ಟುವುದು ಈ ತಾಲ್ಲೂಕಿಗೆ ಬಹಳ ಹಳೆಯ ವಿದ್ಯೆ. ತೆಕ್ಕಲಕೋಟೆಯ ಬೆಟ್ಟದಲ್ಲಿ 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ಜನರ ದುಂಡನೆಯ ಗುಡಿಸಲುಗಳ ಕುರುಹು ಸಿಕ್ಕಿತು. ಕಂಬ ನೆಟ್ಟು, ತಡಿಕೆ ಹೆಣೆದು, ಮಣ್ಣು ಮೆತ್ತಿದ ಮನೆಗಳು. ಕಂಬ ನೆಡಲು ತೋಡಿದ ಗುಳಿಗಳೇ ಆ ಮನೆಗಳ ಅಳತೆಯನ್ನು ನಮ್ಮ ಕಾಲಕ್ಕೆ ಮುಟ್ಟಿಸಿವೆ.

ಕುರುಗೋಡಿಗೆ ಬಂದರೆ ಬಯಲಿನಿಂದ ಬಂಡೆಗಳು ಎದ್ದು ನಿಲ್ಲುತ್ತವೆ. ಸಿಂದ ಅರಸರು ಆಳಿದ ಊರು. ಕಲ್ಲಿನ ಗುಡಿಗಳು, ಗುಡ್ಡದ ಕೋಟೆ, ದೊಡ್ಡಬಸವೇಶ್ವರ ದೇವಸ್ಥಾನದಲ್ಲಿ ಏಕಶಿಲೆಯ ಭಾರಿ ನಂದಿ. ಹಳೆಯ ಓಣಿಯ ಮನೆಗಳೂ ಕಲ್ಲಿನವೇ. ದಪ್ಪ ಗೋಡೆ, ಕಲ್ಲುಗಳ ನಡುವೆ ಮಣ್ಣಿನ ಗಾರೆ, ಮೇಲೆ ತೊಲೆ ಜಂತೆಗಳ ಮಣ್ಣಿನ ಮಾಳಿಗೆ. ಹೊರಗೆ ಬಿಸಿಲು ಉರಿಯುತ್ತಿದ್ದರೂ ಒಳಗೆ ತಂಪು.

ಇಲ್ಲಿ ಸಾಮಾನ್ಯ ಡ್ರಿಲ್ಲು ಸೋಲುತ್ತದೆ. ಅದರೊಳಗೆ ಹಲ್ಲುಗಳಿರುವ ಎರಡು ಬಿಲ್ಲೆಗಳು ಒಂದರ ಮೇಲೊಂದು ಜಾರಿ ಬಿಟ್ಟಿಗೆ ಪೆಟ್ಟು ಕೊಡುತ್ತವೆ. ನಿಮಿಷಕ್ಕೆ ನಲವತ್ತು ಸಾವಿರದ ಆಸುಪಾಸು ಪೆಟ್ಟು, ಆದರೆ ಪ್ರತಿಯೊಂದೂ ಹಗುರ. ಇಟ್ಟಂಗಿಗೆ ಅದು ಸಾಕು. ಕಣಶಿಲೆ ಮಾತ್ರ ಬಿಟ್ಟಿನ ತುದಿಯನ್ನೇ ಕಾಯಿಸಿ ಮೊಂಡು ಮಾಡುತ್ತದೆ. ಅಲ್ಲಿ ಬೇಕಾದದ್ದು ಗಾಳಿಯ ಒತ್ತಡದಿಂದ ಒಳಗಿನ ಸುತ್ತಿಗೆಯನ್ನು ಹೊಡೆಸುವ ದೊಡ್ಡ ಹ್ಯಾಮರ್. ಅದರ ಪೆಟ್ಟು ನಿಮಿಷಕ್ಕೆ ನಾಲ್ಕೈದು ಸಾವಿರವಷ್ಟೇ ಆದರೂ ಒಂದೊಂದೂ ಕಲ್ಲನ್ನು ಪುಡಿ ಮಾಡುವಂಥದ್ದು. ಆದರೆ ಮಣ್ಣಿನ ಗಾರೆಯ ಹಳೆಯ ಗೋಡೆಗೆ ಆ ಹ್ಯಾಮರ್ ಹಚ್ಚಿದರೆ ಕಲ್ಲು ತೂತಾಗುವ ಮೊದಲು ಸಂದಿನ ಮಣ್ಣು ಉದುರುತ್ತದೆ, ಕಲ್ಲೇ ಸಡಿಲಾಗುತ್ತದೆ. ಕುರುಗೋಡಿನ ಹಿರಿಯರು ಇಂಥ ಗೋಡೆಗೆ ಮಿಷನ್ನು ಮುಟ್ಟಿಸಲು ಒಪ್ಪದಿರುವುದು ಇದೇ ಕಾರಣಕ್ಕೆ. ಅವರ ಮಾತಿನಲ್ಲಿ ನ್ಯಾಯವಿದೆ.

ಅವರಿಗೆ ಬೇರೆ ದಾರಿ ಗೊತ್ತಿದೆ. ಎರಡು ಕಲ್ಲುಗಳ ಸಂದನ್ನು ಕೈ ಉಳಿಯಿಂದ ಬಿಡಿಸಿ, ಒಣಗಿದ ಗಟ್ಟಿ ಕಟ್ಟಿಗೆಯ ಬೆಣೆ ಬಡಿದು, ಸುತ್ತ ಗಾರೆ ತುಂಬಿ, ಅದು ಒಣಗಿದ ಮೇಲೆ ಬೆಣೆಗೆ ಸ್ಕ್ರೂ ಹಾಕುತ್ತಾರೆ. ಇನ್ನೂ ಹಿಂದಿನವರಿಗೆ ಅದೂ ಬೇಕಿರಲಿಲ್ಲ. ಗೋಡೆ ಏಳುವಾಗಲೇ ಮನೆಯವರಿಗೆ ಏನೇನು ಬೇಕೆಂದು ಗೌಂಡಿ ಕೇಳಿಕೊಳ್ಳುತ್ತಿದ್ದ. ದೀಪಕ್ಕೊಂದು ಗೂಡು, ಸಾಮಾನಿಗೊಂದು ಮಾಡ, ಪಡಸಾಲೆಯಲ್ಲಿ ಪೇಟ, ಶಲ್ಯ ತೂಗುಹಾಕಲು ಗಿಳಿಗೂಟ, ಅಡುಗೆಮನೆಯಲ್ಲಿ ಹಾಲುಮೊಸರಿನ ನೆಲುವಿಗೆ ಕೊಂಡಿ, ಮೇಲೆ ನಾಗೊಂದಿಗೆ. ಗಿಳಿಯ ಕೊಕ್ಕಿನ ಆ ಗೂಟದ ಅರ್ಧ ಭಾಗ ಗೋಡೆಯೊಳಗೆ, ಕಲ್ಲಿನ ಹೊರೆಯ ಕೆಳಗೆ ಸಿಕ್ಕಿಕೊಂಡಿರುತ್ತಿತ್ತು. ತಲೆಮಾರುಗಳು ಜಗ್ಗಿದರೂ ಅದು ಅಲುಗುತ್ತಿರಲಿಲ್ಲ.

ಕಲ್ಲು ಕೊರೆಯುವುದು ಈ ಸೀಮೆಯವರಿಗೆ ಬಾರದ ಕೆಲಸವಲ್ಲ. ಬಳ್ಳಾರಿಯ ಮಗ್ಗುಲಿನ ಸಂಗನಕಲ್ಲಿನ ಹಿರೇಗುಡ್ಡದಲ್ಲಿ ನವಶಿಲಾಯುಗದವರು ಕರಿಕಲ್ಲನ್ನು ಚಕ್ಕೆ ತೆಗೆದು, ಕುಟ್ಟಿ, ಉಜ್ಜಿ ಕೊಡಲಿ ಮಾಡುವ ದೊಡ್ಡ ಕಾರ್ಯಾಗಾರವೇ ಇತ್ತು. ಹಂಪಿಯ ಬಂಡೆಗಳ ಮೇಲೆ ಒಂದೇ ಗೆರೆಯಲ್ಲಿ ಸಾಲಾಗಿ ಕೆತ್ತಿದ ಚೌಕ ಗುಳಿಗಳು ಇಂದಿಗೂ ಕಾಣುತ್ತವೆ. ಆ ಗುಳಿಗಳಲ್ಲಿ ಬೆಣೆಯಿಟ್ಟೇ ಬಂಡೆಯನ್ನು ಬೇಕಾದ ಅಳತೆಗೆ ಸೀಳಿದರು. ಕಲ್ಲಿನ ಎಳೆ ಯಾವ ಕಡೆ ಹರಿದಿದೆ ಎಂದು ನೋಡದೆ ಕಲ್ಲುಕುಟಿಗರು ಉಳಿ ಇಡುತ್ತಿರಲಿಲ್ಲ. ಆ ನೋಟವೇ ಇಂದು ಡ್ರಿಲ್ ಹಿಡಿದವರಿಗೂ ಬೇಕಾದದ್ದು.

ಆ ನೋಟದ ಜೊತೆ ಮೈಯ ಮೇಲೆ ಎಚ್ಚರವೂ ಬೇಕು. ಕಲ್ಲು, ಸಿಮೆಂಟು, ಇಟ್ಟಿಗೆ ಯಾವುದನ್ನು ಕೊರೆದರೂ ಏಳುವ ದೂಳಿನಲ್ಲಿ ಸಿಲಿಕಾ ಇರುತ್ತದೆ. ಕಣ್ಣಿಗೆ ಕಾಣದಷ್ಟು ನುಣುಪಾದ ಅದು ಶ್ವಾಸಕೋಶದಲ್ಲಿ ಕೂತರೆ ಮರಳಿ ಬರುವುದಿಲ್ಲ. ವರ್ಷಗಟ್ಟಲೆ ಉಸಿರಾಡಿದವರನ್ನು ಸಿಲಿಕೋಸಿಸ್ ಎಂಬ ವಾಸಿಯಾಗದ ಕಾಯಿಲೆ ಹಿಡಿಯಬಹುದು. ಮನೆಯವರಿಗೆ ಒಂದು ತೂತಿನ ದೂಳು. ಅದೇ ಕಸುಬಾದ ಹುಡುಗನಿಗೆ ದಿನವಿಡೀ ದೂಳು. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಸಾಲದು, ಒಳ್ಳೆಯ ಮಾಸ್ಕು, ಕನ್ನಡಕ ಬೇಕು. ಕೆಲಸಕ್ಕೆ ಕರೆಸಿದವರು ಚಹಾ ಕೊಡುವಷ್ಟೇ ಸಹಜವಾಗಿ ಇದನ್ನೂ ವಿಚಾರಿಸಬೇಕು.

ಮೂರು ಊರಿನ ಗೋಡೆಗಳು ಹೇಳುವುದು ಒಂದೇ ಮಾತು. ಗೋಡೆಯ ಒಳಗೇನಿದೆ ಎಂದು ತಿಳಿದು ಕೈಹಾಕಿದವನ ತೂತು ಸಣ್ಣದಿರುತ್ತದೆ, ಗಟ್ಟಿಯಿರುತ್ತದೆ. ಹಿಂದೆ ಮನೆ ಕಟ್ಟಿದವನೂ ಮನೆಯಲ್ಲಿ ಬಾಳುವವನೂ ಒಂದೇ ಊರಿನವರು. ಗೋಡೆಯ ಗುಟ್ಟು ಬಾಯಿಂದ ಬಾಯಿಗೆ ಉಳಿಯುತ್ತಿತ್ತು. ಈಗ ಕಟ್ಟಿದ ಮೇಸ್ತ್ರಿ ಮುಂದಿನ ಸೈಟಿಗೆ ಹೋಗುತ್ತಾನೆ, ಮಾಲೀಕ ಬೇರೆ ಊರಲ್ಲಿರುತ್ತಾನೆ, ಬಾಡಿಗೆದಾರ ಮೂರು ವರ್ಷಕ್ಕೊಮ್ಮೆ ಬದಲಾಗುತ್ತಾನೆ. ಆ ತಿಳಿವಳಿಕೆಯನ್ನು ಉಳಿಸಿಕೊಳ್ಳಲು ಇಂದು ಖರ್ಚೇನೂ ಇಲ್ಲ. ಗಿಲಾವು ಮಾಡುವ ಹಿಂದಿನ ದಿನ, ಗೋಡೆಯಲ್ಲಿ ಪೈಪು ವೈರುಗಳು ಇನ್ನೂ ಬರಿಗಣ್ಣಿಗೆ ಕಾಣುತ್ತಿರುವಾಗಲೇ, ಪಕ್ಕದಲ್ಲಿ ಅಳತೆಯ ಟೇಪು ಹಿಡಿದು ಪ್ರತಿ ಗೋಡೆಯ ಫೋಟೋ ತೆಗೆದಿಡಬೇಕು. ಯಾವ ಇಟ್ಟಿಗೆ, ಯಾವ ಗಾರೆ ಎಂದು ಒಂದು ಹಾಳೆಯಲ್ಲಿ ಬರೆದು ಮನೆಯ ಪತ್ರಗಳ ಜೊತೆ ಸೇರಿಸಬೇಕು. ಬಾಡಿಗೆಗೆ ಕೊಡುವಾಗ ಬೀಗದ ಕೈ ಜೊತೆಗೆ ಅದರ ಒಂದು ಪ್ರತಿಯನ್ನೂ ಕೊಡಬೇಕು. ಬಳ್ಳಾರಿಯಲ್ಲಿ ದಿನಾ ಏಳುತ್ತಿರುವ ಹೊಸ ಮನೆಗಳಿಂದಲೇ ಈ ರೂಢಿ ಶುರುವಾಗಲಿ.